ಕುದಿಸಿದ್ದೇನೋ ಹೌದು

ಕಾರ್ಮಿನ್ ಬಾಯಿ ಕೊಟ್ಟ ನೀರನ್ನು ಅವಳ ಕಣ್ಣೆದುರೇ ಅಂಗಳಕ್ಕೆ ಚೆಲ್ಲಿದೆ. ಮರ್ಯಾದೆ ಇಲ್ಲದವಳು ಅಂತ ನೀವು ಹೇಳಬಹುದು. ಹೇಳಿ. (ಹೊಸತೇನಲ್ಲ.)

ಮಂಜೇಶ್ವರದಲ್ಲಿ ನಮ್ಮ ಬೇಲಿಯಾಚೆಯ ಮನೆ ಅವಳದ್ದು. ಸೊಸೆ ಲವೀನಾ ಏಳು ತಿಂಗಳ ಬಸುರಿ. ಹೋದ ವಾರ ಹುಡುಗಿಯ ಕಣ್ಣು ಅರಸಿನವಾಯಿತು. ಈಗ ಮಂಗಳೂರಿನಲ್ಲಿ, ಐಸಿಯುನಲ್ಲಿ. ಜಾಂಡೀಸ್, ನೀರಿನಿಂದ ಬಂದದ್ದು ಅಂದರಂತೆ ಡಾಕ್ಟರು. ಬಸುರಿಗೆ ಬಂದರೆ ಎರಡು ಜೀವಕ್ಕೂ ಭಯ ಉಂಟು.

ವಿಚಾರಿಸಲು ಹೋದೆ. ಕಾರ್ಮಿನ್ ಬಾಯಿ ಒಬ್ಬಳೇ ಇದ್ದಳು. ಅತ್ತು ಅತ್ತು ಮುಖ ಊದಿತ್ತು.

“ನೀರಿನಿಂದಲಂತೆ! ನಮ್ಮಲ್ಲಿ ಕುದಿಸದ ನೀರು ಯಾರು ಕುಡಿಯುತ್ತಾರೆ, ಸರಸಕ್ಕಾ? ನೀವೇ ಹೇಳಿ.”

ಹೌದು. ಅವಳ ಒಲೆಯ ಮೇಲೆ ಜೀರಿಗೆ ನೀರು ಕುದಿಯದ ದಿನ ಇಲ್ಲ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಲು ಬಂದವರನ್ನೂ ಅದೇ ಮಾತು ಹೇಳಿ ಕಳಿಸಿದ್ದಳು. “ವಾಸನೆ ಬರ್ತದೆ, ಬೇಡ. ನಾವು ಕುದಿಸಿಯೇ ಕುಡಿಯುವುದು.” ಬಾವಿಯ ಮೇಲ್ಬದಿಯಲ್ಲಿ ಬಾಡಿಗೆ ಕ್ವಾರ್ಟರ್ಸ್ ಎದ್ದಿದೆ. ಅದರ ಕಕ್ಕಸಿನ ಗುಂಡಿ ಬಾವಿಗೆ ಎಷ್ಟು ಹತ್ತಿರ ಉಂಟು ಅಂತ ಊರಿಗೇ ಗೊತ್ತು.

ಮಾತಾಡುತ್ತಲೇ ನನಗೆ ನೀರು ತಂದಳು. ಬಂದವರಿಗೆ ಬೆಚ್ಚಗಿನ ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಕುದಿಯುವುದನ್ನೇ ಕೊಟ್ಟರೆ ನಾಲಗೆ ಸುಡುವುದಿಲ್ಲವಾ? ಅರ್ಧ ಲೋಟ ಜೀರಿಗೆ ನೀರು ಹಾಕಿದಳು. ಉಳಿದರ್ಧಕ್ಕೆ ಕೊಡಪಾನದಿಂದ ಬಾವಿಯ ತಣ್ಣೀರು. ಲೋಟ ಮುಟ್ಟಿ ನೋಡಿ, “ಕುಡಿಯಿರಿ, ಹದ ಉಂಟು” ಎಂದಳು.

ಚೆಲ್ಲಿದೆ.

“ಎಂತ ಸರಸಕ್ಕಾ! ವಿಷ ಹಾಕಿದ್ದೇನಾ ನಾನು?”

“ವಿಷ ಅಲ್ಲ ಮಾರಾಯ್ತಿ, ಕಕ್ಕಸಿನ ನೀರು. ಲವೀನಾಗೂ ಹೀಗೆಯೇ ಕೊಡ್ತಿದ್ದೆಯಾ?”

“ಮತ್ತೆ? ಬಸುರಿ ಹುಡುಗಿ, ಸುಡುಸುಡು ನೀರು ಹೇಗೆ ಕೊಡುವುದು...”

ಕೊಡಪಾನದ ಕಡೆ ನೋಡಿದಳು. ನೋಡುತ್ತಾ ನೆಲಕ್ಕೆ ಕೂತಳು.

ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಕೊಡಪಾನ ಎತ್ತಿ ಖಾಲಿ ಮಾಡಿ ಬಂದೆ.

ನಾನು ಹೆಚ್ಚು ಓದಿದವಳಲ್ಲ. ಆದರೆ ಒಲೆಯ ಮೇಲೆ ಕೊಂದ ಹುಳವನ್ನು ತಣ್ಣೀರು ಬೆರೆಸಿ ಲೋಟಕ್ಕೆ ಪುನಃ ಕರೆದು ತಂದರೆ ಗ್ಯಾಸ್ ದಂಡ ಅಂತ ತಿಳಿಯಲು ಶಾಲೆ ಬೇಕಾ? (ಮದುವೆ ಹಾಲ್‌ಗಳಲ್ಲೂ ಇದೇ ಕಥೆ. ಅಡುಗೆಯವರ ಹಿಂದೆ ನಿಂತು ನೋಡಿ.) ಕುದಿಸುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ತಣಿಸುವುದು ಹೇಗೆ ಅಂತ ಯಾರೂ ಕೇಳುವುದಿಲ್ಲ.

ಇದನ್ನು ಬರೆಯುವಾಗ ಲವೀನಾ ಇನ್ನೂ ಕಣ್ಣು ತೆರೆದಿಲ್ಲ. ವಿಚಾರಿಸಲು ಜನ ಬರುತ್ತಲೇ ಇದ್ದಾರೆ. ಕಾರ್ಮಿನ್ ಬಾಯಿ ಈಗ ಸುಡುವ ನೀರನ್ನೇ ಮುಂದಿಡುತ್ತಾಳೆ. “ಆರುವವರೆಗೆ ಕೂತ್ಕೊಳ್ಳಿ” ಅನ್ನುತ್ತಾಳೆ.

ಅಷ್ಟು ಪುರುಸೊತ್ತು ನಿಮ್ಮ ಮನೆಯಲ್ಲಿ ಉಂಟಾ?