ಅತ್ತೆಯ ಹೆಬ್ಬೆಟ್ಟು

ಹಳೇ ಕೆಂಗೇರಿಯ ಚಿಕ್ಕಲಕ್ಷ್ಮಮ್ಮನವರ ಬಾಯಿಗೆ ಎದುರಾಡುವವರು ಆ ಬೀದಿಯಲ್ಲಿ ಯಾರೂ ಇಲ್ಲ. ತರಕಾರಿ ಗಾಡಿಯವನು ಅವರ ಮನೆ ಹತ್ತಿರ ಬಂದ ಕೂಡಲೇ ಕೊಳೆತ ಟೊಮ್ಯಾಟೊಗಳನ್ನು ತಾನಾಗಿಯೇ ಪಕ್ಕಕ್ಕೆ ತೆಗೆದಿಡುತ್ತಾನೆ. ಆದರೆ ಮಗ ಮೋಹನ್ ಕುಮಾರನ ಬೆರಳಿನ ಮಾತು ಬಂದರೆ ಮಾತ್ರ ಈ ಗಟ್ಟಿಗಿತ್ತಿ ಬಾಯಿಗೆ ಬೀಗ ಹಾಕಿಕೊಂಡುಬಿಡುತ್ತಿದ್ದರು.

ಮೋಹನನ ಹತ್ತೂ ಬೆರಳ ತುದಿ ಹುಟ್ಟಿನಿಂದಲೇ ನುಣ್ಣಗೆ. ಹೆಬ್ಬೆಟ್ಟು ಒತ್ತಿದರೆ ಒಂದು ಗೆರೆಯೂ ಮೂಡುವುದಿಲ್ಲ. ರೇಷನ್ ಅಂಗಡಿಯ ಮೆಷಿನ್ನು ಅವನನ್ನು ಮನುಷ್ಯನೆಂದೇ ಒಪ್ಪುವುದಿಲ್ಲ. ಆಫೀಸಿನಲ್ಲಿ ಇವನೊಬ್ಬನಿಗಾಗಿ ಹಳೇ ಕಾಲದ ಹಾಜರಿ ಪುಸ್ತಕ ಇಟ್ಟಿದ್ದಾರೆ. "ಕಳ್ಳತನಕ್ಕೆ ಇಳಿದಿದ್ರೆ ಇಷ್ಟೊತ್ತಿಗೆ ಬಂಗಲೆ ಕಟ್ಟಿಸ್ತಿದ್ದೆ ಕಣಮ್ಮ" ಎಂದು ಅವನು ನಗುತ್ತಾನೆ.

ನಗು ಬಾರದಿದ್ದದ್ದು ತಾಯಿಗೆ. ಸಾವಿರದ ಒಂಬೈನೂರ ಎಂಬತ್ತರ ಸೂರ್ಯಗ್ರಹಣದ ದಿನ ಅವರು ತುಂಬು ಬಸುರಿ. ಮನೆಯವರೆಲ್ಲ ಉಪವಾಸ ಕೂತಿದ್ದಾಗ ಹಸಿವು ತಡೆಯಲಾರದೆ, ಹಿತ್ತಲ ಒರಳಲ್ಲಿ ಒಂದು ಹಿಡಿ ಕಾಯಿಚಟ್ನಿ ರುಬ್ಬಿ ತಿಂದುಬಿಟ್ಟಿದ್ದರು. ಒರಳಿಗೆ ಅಂಟಿದ್ದ ಕಾಯಿಚೂರು ಅತ್ತೆ ಸಾಕಮ್ಮನ ಕಣ್ಣಿಗೆ ಬಿತ್ತು. ಮಗು ಹುಟ್ಟಿದ ಮೇಲೆ ಸಾಕಮ್ಮ ಅದರ ಬೆರಳು ಸವರಿ ನೋಡಿ, "ಗ್ರಹಣದಾಗೆ ಗುಂಡು ಹಿಡಿದು ರುಬ್ಬಿದೆಯಲ್ಲ, ಮಗೀನ ಬೆರಳೂ ಹಂಗೇ ನುಣ್ಣಗಾಗೋಯ್ತು ನೋಡು" ಅಂದರು. ಅಂದಿನಿಂದ ನಲವತ್ತೈದು ವರ್ಷ ಚಿಕ್ಕಲಕ್ಷ್ಮಮ್ಮ ಕಾಯಿಚಟ್ನಿಯನ್ನು ನಾಲಗೆಗೆ ಸೋಕಿಸಲಿಲ್ಲ.

ಹೋದ ವರ್ಷ ಮೋಹನ ಕತ್ತಿನ ತುರಿಕೆಗೆ ಮುಲಾಮು ಕೇಳಲು ವಿಜಯನಗರದ ಚರ್ಮದ ಡಾಕ್ಟರು ದೀಪ್ತಿಯವರ ಹತ್ತಿರ ಹೋದ. ವಂಶದಲ್ಲಿ ಹರಿದು ಬರುವ ಅಪರೂಪದ ಚರ್ಮದ ಕಾಯಿಲೆಗಳ ಬಗ್ಗೆ ಹನ್ನೆರಡು ವರ್ಷದಿಂದ ಸಂಶೋಧನೆ ಮಾಡುತ್ತಿರುವ ಹೆಂಗಸು ಅವರು. ತುರಿಕೆ ಮರೆತು ಬೆರಳು ಹಿಡಿದು ಕೂತರು. ಲಕ್ಷದಲ್ಲಿ ಒಬ್ಬರಿಗೂ ಇಲ್ಲದ್ದು ತಾನಾಗಿ ಬಾಗಿಲಿಗೆ ಬಂದಿತ್ತು. ತಾಯಿ ಮಗ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಕೇಳಲು ಚಿಕ್ಕಲಕ್ಷ್ಮಮ್ಮನೂ ಮಗನ ಜೊತೆ ಮೆಟ್ರೋ ಹತ್ತಿದರು. ಡಾಕ್ಟರ ಮೇಜಿನ ಮೇಲೆ ಇವರ ವಂಶದ ನಕ್ಷೆ ಇತ್ತು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಗೆರೆಯಿಲ್ಲದ ಬೆರಳಿನವರಿಗೆ ಕಪ್ಪು.

"ರಂಗೋಲಿ ಚೆನ್ನಾಗಿ ಬಿಡ್ತೀರಿ ಡಾಕ್ಟ್ರಮ್ಮ" ಎಂದರು ಚಿಕ್ಕಲಕ್ಷ್ಮಮ್ಮ.

ಡಾಕ್ಟರು ನಕ್ಕು, "ಮೋಹನ್ ಅವರ ಒಂದು ಜೀನ್‌ನಲ್ಲಿ ಸಣ್ಣ ಬದಲಾವಣೆ ಇದೆ ಅಜ್ಜಿ. ನಿಮ್ಮಲ್ಲಿ ಇಲ್ಲ. ಅಂದ್ರೆ ಯಜಮಾನರ ಕಡೆಯಿಂದ ಬಂದಿರ್ಬೇಕು. ಇಲ್ಲಾ ಅಂದ್ರೆ ಇವರಲ್ಲೇ ಹೊಸದಾಗಿ ಶುರುವಾಗಿರ್ಬೇಕು" ಎಂದರು.

ಇವರಲ್ಲೇ ಶುರು! ಮುದುಕಿಯ ಕಿವಿಗೆ ಬಿದ್ದದ್ದು ಅಷ್ಟೇ. ಹಾಗಾದರೆ ಗ್ರಹಣವೇ, ಚಟ್ನಿಯೇ, ತಾನೇ. ಹೆತ್ತ ಮಗನ ಮುಂದೆ ಎಂದೂ ಆಡದಿದ್ದ ಆ ಕತೆಯನ್ನು ಅವರು ಅಲ್ಲೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. ಡಾಕ್ಟರು ನಗಲಿಲ್ಲ. "ಚಟ್ನಿಯಿಂದ ಇದು ಬರಲ್ಲ ಅಜ್ಜಿ" ಎಂದರು. ಸಮಾಧಾನದ ಮಾತು ಚಿಕ್ಕಲಕ್ಷ್ಮಮ್ಮನಿಗೆ ಯಾವತ್ತೂ ನಾಟಿದ್ದಲ್ಲ.

"ಯಜಮಾನರ ಬೆರಳು ಹೇಗಿತ್ತು?"

"ಅವರು ಹೋಗಿ ಇಪ್ಪತ್ತು ವರ್ಷ ಆಯ್ತಮ್ಮ. ಬಡಿಸೋವಾಗ ಬೆರಳ ತುದಿ ಯಾರು ನೋಡ್ತಾರೆ? ಅವರು ರುಜು ಹಾಕೋರು, ಹೆಬ್ಬೆಟ್ಟಲ್ಲ."

"ಅವರ ತಾಯಿದು?"

"ಅತ್ತೆ ಬೆರಳು ಸವೆದಿತ್ತು. ಅದು ರಾಗಿ ಬೀಸಿ ಬೀಸಿ. ಅವರೇ ಹೇಳೋರು."

"ಹತ್ತೂ ಬೆರಳಾ?"

"ಹತ್ತೂ" ಎಂದ ಚಿಕ್ಕಲಕ್ಷ್ಮಮ್ಮ ತಮ್ಮ ಕಿರುಬೆರಳನ್ನು ತಿರುಗಿಸಿ ನೋಡಿಕೊಂಡರು. ಬೀಸುವ ಕಲ್ಲಿನ ಗೂಟ ಕಿರುಬೆರಳ ತುದಿಯನ್ನು ಸವೆಸಿದ್ದನ್ನು ಅವರು ಕಂಡವರಲ್ಲ.

"ಕಣ್ಣಾರೆ ಕಾಣದೆ ನಾನು ಕಪ್ಪು ತುಂಬಲ್ಲ ಅಜ್ಜಿ. ಅವರ ಹೆಬ್ಬೆಟ್ಟಿನ ಗುರುತು ಎಲ್ಲಾದ್ರೂ ಇದೆಯಾ?"

ಇತ್ತು. ಟ್ರಂಕಿನ ತಳದಲ್ಲಿ, ಮಾವ ಮುನಿಯಣ್ಣ ತಮ್ಮನ ಜೊತೆ ಹೊಲ ಹಂಚಿಕೊಂಡಾಗಿನ ಪಾಲುಪತ್ರ. ಮೂವರು ವಕೀಲರು ಅದರ ಒಂದೊಂದು ಅಕ್ಷರ ಓದಿದ್ದರು, ಹೆಬ್ಬೆಟ್ಟು ನೋಡಿದವರು ಒಬ್ಬರೂ ಇಲ್ಲ. ಮರುದಿನವೇ ಅದು ಡಾಕ್ಟರ ಮೇಜಿಗೆ ಬಂತು. ದೀಪ್ತಿ ದೀಪವಿದ್ದ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು, ಆಮೇಲೆ ಅದನ್ನು ಮುದುಕಿಯ ಕೈಗೇ ಕೊಟ್ಟರು. ಮಾವನ ಗುರುತಿನಲ್ಲಿ ಗೆರೆಗಳು ಉತ್ತ ಹೊಲದ ಸಾಲಿನ ಹಾಗೆ ಎದ್ದು ಕಾಣುತ್ತಿದ್ದವು. ಪಕ್ಕದಲ್ಲೇ, ಅದೇ ಮಸಿಯಲ್ಲಿ, ಸಾಕ್ಷಿಗೆಂದು ಒತ್ತಿದ್ದ ಅತ್ತೆಯದು. ಮೂರು ಹಾಳೆಯಲ್ಲೂ ಬರೀ ನುಣ್ಣನೆಯ ನೀಲಿ ಬೊಟ್ಟು.

"ಪತ್ರ ಯಾವ ಇಸವಿದು ನೋಡಿ" ಎಂದರು ಡಾಕ್ಟರು. ಮೋಹನ ಓದಿ ಹೇಳಿದ: ಅರವತ್ತೊಂಬತ್ತು. ಗ್ರಹಣಕ್ಕೆ ಹನ್ನೊಂದು ವರ್ಷ ಮೊದಲು. ದೀಪ್ತಿ ಸಾಕಮ್ಮನ ಸೊನ್ನೆಗೆ ಕಪ್ಪು ತುಂಬಿದರು. ಅದರ ಮೇಲೆ ಇನ್ನೊಂದು ಚೌಕ, ಇನ್ನೊಂದು ಸೊನ್ನೆ ಬರೆದು ಪ್ರಶ್ನೆ ಗುರುತು ಹಾಕಿದರು. "ಇವರಿಂದ ಯಜಮಾನರಿಗೆ, ಯಜಮಾನರಿಂದ ಮೋಹನ್‌ಗೆ ಬಂದಿದೆ. ಇವರಿಗೂ ಹೆತ್ತವರಿಂದಲೇ ಬಂದಿರ್ಬಹುದು. ಯಾರ ತಪ್ಪೂ ಅಲ್ಲ ಇದು."

ನಲವತ್ತೈದು ವರ್ಷದ ಲೆಕ್ಕ ತೀರಿಸಲು ಚಿಕ್ಕಲಕ್ಷ್ಮಮ್ಮ ಮೆಟ್ರೋದುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದರು. ಮನೆಗೆ ಬಂದು ಗೋಡೆಯ ಮೇಲಿನ ಅತ್ತೆಯ ಫೋಟೋ ಎದುರು ಸೊಂಟಕ್ಕೆ ಕೈಕೊಟ್ಟು ನಿಂತರು. ಆದರೆ ಬಾಯಿಂದ ಹೊರಟದ್ದು ಬೈಗುಳವಲ್ಲ.

"ಅತ್ತೆ," ಎಂದರು, "ನಿಮ್ಮವ್ವ ಯಾವ ಗ್ರಹಣದಲ್ಲಿ ರುಬ್ಬಿದ್ರು?"

ಕೇಳಿ ಅವರಿಗೇ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ತುಂಬಿತು. ಎದೆ ಹಗುರಾಯಿತು. ಹಿತ್ತಲಿಗೆ ಹೋಗಿ ಒರಳು ತೊಳೆದು ಮಗನನ್ನು ಕರೆದರು. ಮೋಹನ ಕಾಯಿ ತುರಿದ, ಅವರು ರುಬ್ಬಿದರು, ಬೆರಳಲ್ಲಿ ಅದ್ದಿ ಬಾಯಿಗಿಟ್ಟರು.

"ಉಪ್ಪು ಸ್ವಲ್ಪ ಕಮ್ಮಿ ಕಣೋ" ಎಂದರು.