ಬೊಳ್ಳುವಿಗೆ ಮದ್ದು ಕುಡಿಸಿದ ಸಂಜೆ

ಎಪ್ಪತ್ತೆಂಟನೇ ಇಸವಿಯ ಬೇಸಿಗೆ ರಜೆ. ವೇಣೂರಿನ ನಮ್ಮ ಮನೆಯ ಜಗಲಿಯಲ್ಲಿ ಕೈಗೆ ತೆಂಗಿನೆಣ್ಣೆ ಸವರಿಕೊಂಡು, ಹಪ್ಪಳಕ್ಕೆಂದು ಹಲಸಿನ ಸೊಳೆ ಬಿಡಿಸುತ್ತಿದ್ದೆ. ಮಗಳು ಸುಮತಿ ಹಿತ್ತಲಿಂದ ಓಡಿ ಬಂದಳು.

"ಅಮ್ಮಾ, ಬೊಳ್ಳು ಏಳ್ತಾ ಇಲ್ಲ. ಹೊಟ್ಟೆ ಚೆಂಡಿನ ಹಾಗೆ ಆಗಿದೆ!"

ಬೊಳ್ಳು ಅವಳ ಬಿಳಿ ಮೊಲ. ಹಿಂದಿನ ದಿನ ಹಲಸಿನ ಹಣ್ಣು ಮಿತಿಮೀರಿ ತಿಂದಿತ್ತು. ನಮ್ಮವರು ಸಿಕ್ಕಿದ ಬಸ್ಸು ಹತ್ತಿ ಬೆಳ್ತಂಗಡಿಯ ದನದ ಆಸ್ಪತ್ರೆಗೆ ಹೋದರು. ಬಿಸಿಲು ಇಳಿಯುವ ಹೊತ್ತಿಗೆ ಸಣ್ಣ ಬಾಟಲಿ ಹಿಡಿದು ಬಂದರು.

"ಕತ್ತಲಾಗುವುದರೊಳಗೆ ಹೊಟ್ಟೆಗೆ ಹೋಗಬೇಕಂತೆ. ಇಲ್ಲದಿದ್ದರೆ ಉಳಿಯುವುದು ಕಷ್ಟ ಅಂದ್ರು ಡಾಕ್ಟ್ರು."

"ಕುಡಿಸುವುದು ಹೇಗಂತ ಕೇಳಿದ್ರಾ?"

"ಅದೊಂದು ಬಿಟ್ಟೇ ಹೋಯ್ತು ಮಾರಾಯ್ತಿ. ನಮ್ಮನ್ನೆಲ್ಲ ಸಾಕಿದ ಅಮ್ಮ ಮನೆಯಲ್ಲೇ ಇದ್ದಾರಲ್ಲ!"

ಸುಮತಿ ಕಂಬಕ್ಕೊರಗಿ ಕೂತಳು. "ಬೊಳ್ಳು ತಿನ್ನದೆ ನಾನೂ ಉಣ್ಣುವುದಿಲ್ಲ." ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಇವಳೋ ಜ್ವರದಿಂದ ಎದ್ದು ವಾರವಾಗಿತ್ತಷ್ಟೆ.

ಚಮಚ ಹತ್ತಿರ ತಂದರೆ ಬೊಳ್ಳು ಬಾಯಿ ಬಿಗಿ ಹಿಡಿಯಿತು. ಒದ್ದು ನನ್ನ ಮಣಿಕಟ್ಟು ಗೀರಿತು. ಅತ್ತೆಗೆ ನೋಡಿ ಸಾಕಾಯಿತು.

"ಕೊಡು ಇಲ್ಲಿ. ಹಟ ಮಾಡುವ ಮಕ್ಕಳನ್ನು ನಾನು ನೋಡಲಿಲ್ವಾ?"

ಕಾಲು ನೀಡಿ ಕೂತು, ಎಳೆಮಗುವನ್ನು ಮಲಗಿಸುವ ಹಾಗೆ ಅದನ್ನು ಕಾಲ ಮೇಲೆ ಅಂಗಾತ ಮಲಗಿಸಿದರು. ನಮ್ಮ ಮಕ್ಕಳೆಲ್ಲ ಎಳವೆಯಲ್ಲಿ ಹಾಲು ಕುಡಿದ ಹಿತ್ತಾಳೆಯ ಒಳಲೆಗೆ ಮದ್ದು ಹಾಕಿ ಬಾಯಿಗೆ ಬಗ್ಗಿಸಿದರು. ಬೊಳ್ಳು ಅಲ್ಲಾಡಲಿಲ್ಲ.

"ನೋಡು, ಎಷ್ಟು ಪಾಪದ್ದು!" ಎಂದರು ಅತ್ತೆ.

ಮರುಕ್ಷಣ ಮದ್ದೆಲ್ಲ ಮೂಗಿನಿಂದ ಬಂತು. ಮೈ ಒಮ್ಮೆ ಸೆಟೆದು, ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಸುಮತಿ ಕಿರುಚಿದಳು. ಇರುವೆ ಸತ್ತರೂ ಮರುಗುವವರು ನಮ್ಮ ಅತ್ತೆ. "ಅಯ್ಯೋ, ಮದ್ದು ಕೊಡ್ಲಿಕ್ಕೆ ಹೋಗಿ ಜೀವವನ್ನೇ ತೆಗೆದೆನಲ್ಲ!"

ನಾನು ಅದನ್ನು ಕಿತ್ತುಕೊಂಡು ತಲೆ ಕೆಳಗೆ ಮಾಡಿ ಹಿಡಿದೆ. ಸೆರಗಿನಿಂದ ಮೂಗು ಒರೆಸಿದೆ. ಬಾಯಲ್ಲಿ ಪಂಚ ನಮಸ್ಕಾರ ಮಂತ್ರ ತಾನಾಗಿ ಬರುತ್ತಿತ್ತು. ಮಂತ್ರ ಮುಗಿಯಿತು, ಮತ್ತೆ ಮೊದಲಿನಿಂದ ಹೇಳಿದೆ. ಎದೆ ಮುಟ್ಟಿ ನೋಡುವ ಧೈರ್ಯ ಬರಲಿಲ್ಲ.

ಆಗ ಬೊಳ್ಳು ಸೀನಿತು. ಇನ್ನೊಮ್ಮೆ ಸೀನಿ, ಉಸಿರೆಳೆಯಿತು.

ಒಳಲೆ ಮುಟ್ಟಲು ಈಗ ಯಾರಿಗೂ ಧೈರ್ಯವಿಲ್ಲ. ಬಾಟಲಿಯಲ್ಲಿ ಮದ್ದು ಉಂಟು, ಹೊಟ್ಟೆಗೆ ಹೋದದ್ದು ಹನಿಯೂ ಇಲ್ಲ. ಸೂರ್ಯ ಕೆಳಗಿಳಿಯುತ್ತಿದ್ದ. ನೆಲದ ಮೇಲೆ ಬಿಟ್ಟ ಬೊಳ್ಳು ಮೆಲ್ಲನೆ ಮುದುಡಿ ಕೂತು, ಮದ್ದು ಚೆಲ್ಲಿದ್ದ ಮುಂಗಾಲನ್ನು ನೆಕ್ಕತೊಡಗಿತು.

"ಅದಕ್ಕೆ ಮೈ ಕೊಳೆಯಾದ್ರೆ ಆಗುದಿಲ್ಲ ಅಮ್ಮಾ," ಎಂದಳು ಸುಮತಿ, ಕಣ್ಣೊರೆಸಿಕೊಳ್ಳುತ್ತಾ. "ನೆಕ್ಕಿಯೇ ತೆಗೀತದೆ."

ಬೆರಳನ್ನು ಮದ್ದಿಗೆ ಅದ್ದಿ ಅದರ ಕಾಲಿಗೆ ಹಚ್ಚಿದೆ. ನೆಕ್ಕಿತು. ಮತ್ತೆ ಹಚ್ಚಿದೆ. ಇದೆಂಥ ಉಪದ್ರ ಎಂಬ ಹಾಗೆ ನನ್ನನ್ನು ನೋಡಿ, ಮತ್ತೆ ನೆಕ್ಕಿತು. ಡಾಕ್ಟ್ರು ಹೇಳಿದಷ್ಟು ಮದ್ದು ಹಾಗೆಯೇ ಮುಗಿಯಿತು. ಸುತ್ತ ಕೂತು ಕಾದೆವು. ಕೊನೆಗೆ ಒಂದಿಷ್ಟು ಹಿಕ್ಕೆ ಹಾಕಿತು. ಹಿಕ್ಕೆಯನ್ನು ನೋಡಿ ಅತ್ತೆ ಕೈ ಮುಗಿದದ್ದು ಅದೇ ಮೊದಲು! ಸುಮತಿ ಗರಿಕೆಯ ಎಸಳು ಹಿಡಿದಳು. ಬೊಳ್ಳು ಮೂಸಿ ನೋಡಿ, ತುದಿ ಕಚ್ಚಿತು.

ಆಮೇಲೆ ದೊಡ್ಡ ಕಷ್ಟಗಳನ್ನೂ ಕಂಡಿದ್ದೇನೆ, ದೇವರ ದಯೆಯಿಂದ ದಾಟಿದ್ದೇನೆ. ಆದರೆ ದೇವರ ಮುಂದೆ ಕೂತಾಗ ಈಗಲೂ ಮೊದಲು ನೆನಪಾಗುವುದು ಆ ಸಣ್ಣ ಸೀನು.

ಅಂದು ಕೂತು ಅಳಲಿಕ್ಕೆ ಪುರುಸೊತ್ತಿರಲಿಲ್ಲ. ತೆಂಗಿನ ಗರಿಗಳ ತುದಿಯಲ್ಲಿ ಬಿಸಿಲು ಇನ್ನೂ ಇತ್ತು. ಕೈ ತೊಳೆದು, ಮಗಳಿಗೆ ಗಂಜಿ ಬಡಿಸಲು ಒಳಗೆ ಓಡಿದೆ.