ಅಕ್ಕ ಕೊಂಡ ದ್ವೀಪದ ಮನೆ

ಅಕ್ಕ ಮತ್ತು ಭಾವ ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ ಮನೆ ಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಾದದ್ದು ಅಬುಧಾಬಿಯ ಖಾಲಿದಿಯಾದ ಅವರ ಫ್ಲ್ಯಾಟಿನಲ್ಲಿ, ನೀರುದೋಸೆ ತಿನ್ನುತ್ತಿರುವಾಗ. ಭಾವ ಫೋನನ್ನು ನನ್ನ ಕಡೆ ತಿರುಗಿಸಿದರು. ಹಳದಿ ಗೋಡೆಯ ಚಿಕ್ಕ ಮನೆ, ಮುಂದೆ ಎರಡು ತೆಂಗಿನ ಮರ, ಹಿಂದೆ ಹಸಿರು ಗುಡ್ಡ.

“ಮನೆ ತೆಗೊಂಡರೆ ಪಾಸ್‌ಪೋರ್ಟೂ ಕೊಡ್ತಾರೆ,” ಅಂದರು. “ನಿಮ್ಮ ವೀಸಾ ಮುಗಿಯಿತು, ಹೊರಡಿ ಅಂತ ಮತ್ತೆ ಯಾರೂ ಹೇಳುವ ಹಾಗಿಲ್ಲ.”

ತಮಾಷೆ ಇರಬೇಕು ಅಂದುಕೊಂಡೆ. ಅಕ್ಕನ ಮುಖ ನೋಡಿದೆ. ಅವಳು ಕಾವಲಿಯಿಂದ ಕಣ್ಣು ತೆಗೆಯದೆ, “ಇನ್ನೊಂದು ಹಾಕಲಾ?” ಎಂದು ಕೇಳಿದಳು. ಆಗಲೇ ಇದು ತಮಾಷೆಯಲ್ಲ ಎಂದು ಗೊತ್ತಾಯಿತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳು ಮದುವೆಯಾಗಿ ಅಬುಧಾಬಿಗೆ ಹೋದಾಗ ನಾನಿನ್ನೂ ಉಡುಪಿಯಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದೆ. ಮುಂದೆ ನನಗೆ ದುಬೈಯಲ್ಲಿ ಕೆಲಸದಲ್ಲಿದ್ದ ಹುಡುಗನನ್ನು ಹುಡುಕಿದವಳೂ ಅವಳೇ. ತಂಗಿ ಹತ್ತಿರ ಇರಬೇಕು, ಅಷ್ಟೇ ಅವಳ ಲೆಕ್ಕಾಚಾರ. ದುಬೈಯ ಅಲ್ ನಹ್ದಾದ ನಮ್ಮ ಮನೆಯಿಂದ ಅವಳ ಮನೆಗೆ ಒಂದೂವರೆ ಗಂಟೆಯ ದಾರಿ. ರಜೆ ಬಂತೆಂದರೆ ಒಂದೋ ನಾವು ಅಲ್ಲಿ, ಇಲ್ಲವೇ ಅವರು ಇಲ್ಲಿ. ನನ್ನ ಮಗಳು ಹುಟ್ಟಿದಾಗ ಬಾಣಂತನ ಮಾಡಿದ್ದು ಅಕ್ಕ. ಅವಳಿಗೆ ಮಾತ್ರ ಮಕ್ಕಳಾಗಲಿಲ್ಲ.

ಭಾವ ಅಬುಧಾಬಿಯ ಹೊರಗಿನ ಮುಸಫಾದಲ್ಲಿ ಎ.ಸಿ. ರಿಪೇರಿಯ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದರು. ಅರವತ್ತು ದಾಟಿದ ಮೇಲೆ ಬೆನ್ನು ಕೇಳುತ್ತಿರಲಿಲ್ಲ, ಅದನ್ನು ಮಾರಿದರು. ಊರಿಗೆ ಹೋಗುತ್ತಾರೆ ಎಂದೇ ನಾನು ತಿಳಿದಿದ್ದೆ. ಮಂಗಳೂರಿನಲ್ಲಿ ಫ್ಲ್ಯಾಟ್ ಕೂಡ ನೋಡಿಟ್ಟಿದ್ದೆ. ಅಕ್ಕ ಒಪ್ಪಲಿಲ್ಲ.

“ಊರಲ್ಲಿ ಒಂದು ಮದುವೆಗೆ ಹೋಗು, ಒಂದು ಸೀಮಂತಕ್ಕೆ ಹೋಗು, ಎಲ್ಲ ಕಡೆ ಅದೇ ಪ್ರಶ್ನೆ,” ಅಂದಳು. “ಈಗ ನನಗೆ ಐವತ್ತೈದು. ಈಗಲೂ ಕೇಳ್ತಾರೆ ಮಾರಾಯ್ತಿ, ಯಾವ ಡಾಕ್ಟರಿಗೆ ತೋರಿಸಿದ್ದಿ ಅಂತ. ಆ ದ್ವೀಪದಲ್ಲಿ ಯಾರೂ ಕೇಳುವುದಿಲ್ಲ.”

ಈ ಮಾತನ್ನು ನಾನು ಕಿವಿಯಿಂದ ಮಾತ್ರ ಕೇಳಿಸಿಕೊಂಡೆ. ನನಗೆ ನನ್ನದೇ ಸಿಟ್ಟು. ನನ್ನನ್ನು ಈ ಮರಳಿಗೆ ಕರೆತಂದವಳು ಈಗ ನನ್ನನ್ನೇ ಬಿಟ್ಟು ಹೊರಟಿದ್ದಾಳೆ.

ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಭಾರತದ್ದನ್ನು ಒಪ್ಪಿಸಬೇಕು. ಎರಡು ಇಟ್ಟುಕೊಳ್ಳುವ ಹಾಗಿಲ್ಲ. ಆ ಕೆಲಸ ಮುಗಿಸಿದ ಮಧ್ಯಾಹ್ನ ಅವರಿಬ್ಬರೂ ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನ ಹತ್ತಿರ, ದುಬೈಯ ಅಲ್ ಮುರಕ್ಕಬಾತಿನ ಒಂದು ಹೋಟೆಲಿಗೆ ಊಟಕ್ಕೆ ಬಂದರು. ಭಾವ ಕೈತೊಳೆಯಲು ಎದ್ದಾಗ ಅಕ್ಕ ಬ್ಯಾಗಿನಿಂದ ಹಳೆಯ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟಳು. ರದ್ದು ಎಂಬ ಮುದ್ರೆ ಬಿದ್ದಿತ್ತು, ಮೂಲೆ ಕತ್ತರಿಸಿದ್ದರು.

“ನೋಡು,” ಅಂದಳು. “ಖಲಾಸ್.”

ಅವಳು ನಗಲು ನೋಡುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಳ್ಳಬೇಕಿತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದು, “ಮಕ್ಕಳಿಲ್ಲದವರಿಗೆ ಎಲ್ಲ ಬಿಟ್ಟು ಹೋಗುವುದು ಸುಲಭ.”

ಊರಿನ ಯಾವ ಹೆಂಗಸೂ ಅವಳಿಗೆ ಅಷ್ಟು ಕೆಟ್ಟದಾಗಿ ಹೇಳಿರಲಿಕ್ಕಿಲ್ಲ. ಅಕ್ಕ ಪಾಸ್‌ಪೋರ್ಟನ್ನು ಬ್ಯಾಗಿಗೆ ಹಾಕಿದಳು. ಭಾವ ಬಂದು ಕೂತಾಗ, “ಇವಳಿಗೆ ಹೊತ್ತಾಯಿತು, ಬೇಗ ಆರ್ಡರ್ ಮಾಡಿ,” ಅಂದಳು. ನಾನು ಕ್ಷಮೆ ಕೇಳಲಿಲ್ಲ. ಮೂರು ವಾರದ ನಂತರ ವಿಮಾನ ನಿಲ್ದಾಣದಲ್ಲೂ ನಾವು ಮಾತಾಡಿದ್ದು ಲಗೇಜಿನ ತೂಕದ ಬಗ್ಗೆ, ಉಪ್ಪಿನಕಾಯಿಯ ಡಬ್ಬಿಯ ಮುಚ್ಚಳದ ಬಗ್ಗೆ.

ಅಲ್ಲಿಗೆ ಹೋದ ಮೇಲೆ ಅವಳು ದಿನಾ ಫೋನು ಮಾಡುತ್ತಿದ್ದಳು. ದ್ವೀಪದ ಗಡಿಯಾರ ನಮಗಿಂತ ಎಂಟು ಗಂಟೆ ಹಿಂದೆ. ನನ್ನ ಸಂಜೆ ನಾಲ್ಕಕ್ಕೆ ಅವಳ ಬೆಳಿಗ್ಗೆ ಎಂಟು. ಒಂದು ದಿನ ವಿಡಿಯೊದಲ್ಲಿ ಕೂಗಿಕೊಂಡಳು, “ನೋಡೇ, ಜೀಗುಜ್ಜೆ! ಇಲ್ಲಿ ರಸ್ತೆ ಬದಿಯಲ್ಲೆಲ್ಲ ಇದೇ ಮರ!” ಪಕ್ಕದ ಮನೆಯ ಹೆಂಗಸು ಆ ಹಲಸಿನಂಥ ಕಾಯಿಯನ್ನು ಕೆಂಡದಲ್ಲಿ ಸುಟ್ಟು ತಿನ್ನುತ್ತಾಳಂತೆ, ಅಕ್ಕ ಅವಳಿಗೆ ಅದನ್ನೇ ಹಿಟ್ಟಿನಲ್ಲಿ ಅದ್ದಿ ಕರಿದು ಪೋಡಿ ಮಾಡಿಕೊಟ್ಟಳಂತೆ. ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ಸರಿಯಾಗಿ ಹಿಡಿಯದು, ಆದರೂ ಬೇಲಿಯ ಬಳಿ ಗಂಟೆಗಟ್ಟಲೆ ಮಾತು. ಅಷ್ಟು ಹಗುರವಾಗಿ ಅಕ್ಕ ಮಾತಾಡಿದ್ದನ್ನು ನಾನು ಖಾಲಿದಿಯಾದಲ್ಲಿ ಕಂಡಿರಲಿಲ್ಲ. ಒಂದು ಸಲ ಬಾ, ಅನ್ನುತ್ತಿದ್ದಳು. ಬರುವಾ, ಅನ್ನುತ್ತಿದ್ದೆ. ಮಗಳ ಪರೀಕ್ಷೆ, ರಜೆ ಇಲ್ಲ, ಟಿಕೆಟ್ ದುಬಾರಿ. ಹೀಗೆ ಎರಡು ವರ್ಷ ಕಳೆಯಿತು.

ಆಮೇಲೆ ಅವಳು ವಿಡಿಯೊದಲ್ಲಿ ತನ್ನ ಮುಖ ತೋರಿಸುವುದನ್ನು ಕಡಿಮೆ ಮಾಡಿದಳು. ಬಸಳೆ ಚಪ್ಪರ ತೋರಿಸುವಳು, ಸಮುದ್ರ ತೋರಿಸುವಳು. ನನಗೆ ಅನುಮಾನ ಬರಲಿಲ್ಲ. ಒಂದು ಸಂಜೆ ಭಾವ ತಮ್ಮ ಫೋನಿನಿಂದ ಕರೆ ಮಾಡಿದರು.

“ನಾನು ತಿಳಿಸಿದೆ ಅಂತ ಅವಳಿಗೆ ಹೇಳಬೇಡ. ಮೇದೋಜೀರಕದಲ್ಲಿ ಗಡ್ಡೆಯಂತೆ. ತಡವಾಗಿದೆ ಅಂತಾರೆ.” ಕೊನೆಗೆ, “ಬರ್ತೀಯಾ?” ಎಂದರು.

ಆ ದ್ವೀಪಕ್ಕೆ ನನಗೆ ವೀಸಾ ಬೇಕಿರಲಿಲ್ಲ. ಆದರೆ ನಡುವೆ ವಿಮಾನ ಬದಲಿಸುವ ದೇಶದ ಟ್ರಾನ್ಸಿಟ್ ವೀಸಾ ಬೇಕಿತ್ತು. ಮರುದಿನವೇ ಅರ್ಜಿ ಹಾಕಿದೆ. ಅರ್ಜಿಯ ಜೊತೆ ಪಾಸ್‌ಪೋರ್ಟನ್ನೂ ಕೊಟ್ಟು ಕಾಯಬೇಕಿತ್ತು. ನಾನು ಬರುವ ಸುದ್ದಿಯನ್ನು ಭಾವನೇ ಅಕ್ಕನಿಗೆ ಹೇಳಿದರು. “ಬರುವಾಗ ಕುಚ್ಚಲಕ್ಕಿ ತಾ,” ಅಂದಳು. “ಇಲ್ಲಿಯ ಅನ್ನ ಗಂಟಲಿಗೆ ಇಳಿಯುವುದಿಲ್ಲ.” ಅಕ್ಕಿ ತಂದು ಸೂಟ್‌ಕೇಸಿಗೆ ತುಂಬಿಟ್ಟೆ. ಒಂದು ವಾರ, ಎರಡು ವಾರ, ಮೂರು ವಾರ. ಮೊಬೈಲಿನಲ್ಲಿ ಅರ್ಜಿಯ ಸ್ಥಿತಿ ನೋಡುವುದೇ ನನ್ನ ಕೆಲಸವಾಯಿತು.

ನಾಲ್ಕನೇ ವಾರದ ಒಂದು ದಿನ ಸಂಜೆ ನಾಲ್ಕಕ್ಕೆ ಫೋನು ಬಂತು. ಕ್ಲಿನಿಕ್ಕಿನ ಹಿಂದಿನ ಮೆಟ್ಟಿಲಿಗೆ ಹೋಗಿ ತೆಗೆದುಕೊಂಡೆ. ಭಾವ ಅಳುತ್ತಿರಲಿಲ್ಲ. ಬೆಳಗಿನ ಜಾವ ಹೋದಳು ಎಂದರು. ಮತ್ತೆ, ಒಬ್ಬ ಹುಡುಗನ ಹಾಗೆ ನನ್ನನ್ನು ಕೇಳಿದರು, “ಇಲ್ಲಿ ಸುಡುವ ವ್ಯವಸ್ಥೆ ಇಲ್ಲ. ಬೇರೆ ದ್ವೀಪಕ್ಕೆ ಕೊಂಡೊಯ್ಯಬೇಕಾದರೆ ಕಾಗದಪತ್ರ, ದೋಣಿ, ಎಷ್ಟು ದಿನವೋ. ಎಂತ ಮಾಡುವುದು? ನೀನು ಹೇಳು.”

ನನ್ನ ಅಮ್ಮ, ಅಪ್ಪ, ಎಲ್ಲರೂ ಬೆಂಕಿಗೇ ಹೋದವರು. ಕೆಳಗೆ ರಸ್ತೆಯಲ್ಲಿ ಟ್ಯಾಕ್ಸಿಗಳು ಹಾರ್ನ್ ಹೊಡೆಯುತ್ತಿದ್ದವು. “ಮಣ್ಣಿಗೆ ಕೊಡಿ ಭಾವ,” ಅಂದೆ. “ಅವಳನ್ನು ಮತ್ತೆ ಅಲೆಸಬೇಡಿ.”

ಒಂಬತ್ತು ದಿನದ ಮೇಲೆ ವೀಸಾ ಬಂತು. ಹೋಗಿ ಏನು ಮಾಡುತ್ತಿ ಎಂದು ಗಂಡ ಕೇಳಿದರು. ಹೋದೆ. ಸೂಟ್‌ಕೇಸಿನಲ್ಲಿದ್ದ ಅಕ್ಕಿಯನ್ನು ತೆಗೆಯಲು ಮನಸ್ಸಾಗಲಿಲ್ಲ.

ಚಿತ್ರದಲ್ಲಿ ಇದ್ದದ್ದಕ್ಕಿಂತ ಮನೆ ಚಿಕ್ಕದು. ನನ್ನನ್ನು ಕಂಡದ್ದೇ ಪಕ್ಕದ ಮನೆಯ ಹೆಂಗಸು ಬೇಲಿ ದಾಟಿ ಬಂದು ತಬ್ಬಿಕೊಂಡಳು. ತಂಗಿ ಬರುತ್ತಾಳೆ ಎಂದು ಅಕ್ಕ ಅವಳಿಗೆ ದಿನಾ ಹೇಳುತ್ತಿದ್ದಳಂತೆ. ಸಮಾಧಿ ಚರ್ಚಿನ ಆಚೆಯ ಗುಡ್ಡದ ಮೇಲೆ, ಇನ್ನೂ ಹಸಿ ಮಣ್ಣು. ಅಲ್ಲಿ ಭಾವನಿಗೆ ಹೋಟೆಲಿನ ಆ ಮಾತನ್ನು ಹೇಳಿಬಿಟ್ಟೆ. ಬೇರೆ ಯಾರಿಗೂ ಹೇಳಿರಲಿಲ್ಲ.

“ಗೊತ್ತುಂಟು,” ಅಂದರು ಅವರು. “ಅವತ್ತೇ ಟ್ಯಾಕ್ಸಿಯಲ್ಲಿ ಹೇಳಿದಳು. ಸಿಟ್ಟಿನಿಂದ ಅಲ್ಲ. ತಂಗಿ ಹೇಳಿದ್ದು ಸರಿ, ನನಗೆ ಸುಲಭ ಆಗಬೇಕಿತ್ತು, ಯಾಕೆ ಆಗ್ತಾ ಇಲ್ಲ ಅಂತ ಕೇಳಿದಳು. ಅಬುಧಾಬಿ ಮುಟ್ಟುವವರೆಗೂ ಅತ್ತಳು.”

ನಾನು ಆ ಮಣ್ಣಿನ ಪಕ್ಕ ಕೂತೆ. ಭಾವ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಸ್ವಲ್ಪ ದೂರ ಹೋಗಿ ನಿಂತರು.

ನಮ್ಮ ಜೊತೆ ಬನ್ನಿ ಎಂದು ಎರಡು ಸಲ ಕರೆದೆ. ಬೇಡ ಅಂದರು. ಈಗ ಅವರು ಆ ಬೀದಿಯವರ ಫ್ರಿಜ್ಜು, ಎ.ಸಿ. ರಿಪೇರಿ ಮಾಡಿಕೊಂಡು ಅಲ್ಲೇ ಇದ್ದಾರೆ. ಫೋನು ಅಪರೂಪ.

ದುಬೈಗೆ ಮರಳಿದ ದಿನ ಮಗಳು ಕೇಳಿದಳು, “ವಾಸ್ ಇಟ್ ನೈಸ್, ಅಮ್ಮಾ? ದೊಡ್ಡಮ್ಮನ ಮನೆ?”

“ತುಂಬ ಚಂದ ಉಂಟು,” ಅಂದೆ. ಅವಳು ಚಿತ್ರ ತೋರಿಸು ಎಂದಳು. ನಾನು ಒಂದನ್ನೂ ತೆಗೆದಿರಲಿಲ್ಲ.